ಗಟ್ಟಿ ನೀರು

ಒಂದು ಲೋಟ ನೀರಿಗೆ ಎರಡು ಚಮಚ ಪುಡಿ. ಮೂವತ್ತು ಎಣಿಸುವವರೆಗೆ ಕಲಕಿ, ಎರಡು ನಿಮಿಷ ಸುಮ್ಮನೆ ಬಿಟ್ಟರೆ ನೀರು ಜೇನಿನ ಹದಕ್ಕೆ ಬಂದು ಚಮಚಕ್ಕೆ ಅಂಟಿಕೊಳ್ಳುತ್ತದೆ. ಪೈಸಂದು ಊರಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತಾರು ವರ್ಷ ಆಹಾರ ತಜ್ಞೆಯಾಗಿದ್ದ ನಿಬಿಯಾ ಸಿಲ್ವೇರಾ ಇದನ್ನು ನೂರಾರು ರೋಗಿಗಳ ಮನೆಯವರಿಗೆ ಕಲಿಸಿದ್ದಳು. ಎಂಟು ತಿಂಗಳಿಂದ ತನ್ನ ಅಡುಗೆಮನೆಯಲ್ಲೇ ದಿನಕ್ಕೆ ಆರು ಸಲ ಕಲಕುತ್ತಿದ್ದಳು, ಅಪ್ಪನಿಗಾಗಿ.

ಅಪ್ಪ ದಾರ್ದೊ ಊರಿನ ಪತ್ರಿಕೆಯಲ್ಲಿ ನಲವತ್ತು ವರ್ಷ ಕರಡು ತಿದ್ದಿದವನು. ಎಂಬತ್ತೊಂದನೇ ವಯಸ್ಸಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ನಾಲಿಗೆ ತೊದಲಿದರೂ ಬುದ್ಧಿ ಮಾತ್ರ ಹರಿತವಾಗಿಯೇ ಉಳಿಯಿತು. ಗಂಟಲು ಸೋತಿತ್ತು. ತೆಳ್ಳಗಿನದೇನು ಕುಡಿದರೂ ನೆತ್ತಿಗೇರುತ್ತಿತ್ತು. ಎಕ್ಸ್‌ರೇ ಪರದೆಯ ಮೇಲೆ ನಿಬಿಯಾ ತಾನೇ ನೋಡಿದ್ದಳು: ನೀರಿನ ಸಣ್ಣ ಎಳೆಯೊಂದು ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿದಿತ್ತು.

“ಏನಿದು?” ಲೋಟ ಕಂಡೊಡನೆ ದಿನವೂ ಕೇಳುತ್ತಿದ್ದ.

“ನೀರು, ಅಪ್ಪ.”

“ನೀರಿಗೆ ರುಚಿ ಇಲ್ಲ ಅಂತ ಸ್ಕೂಲಲ್ಲಿ ಕಲಿಸಿದ್ರು. ಇದಕ್ಕಿದೆ ನೋಡು. ಪೋಸ್ಟರ್ ಅಂಟಿಸೋ ಗೋಂದಿನ ರುಚಿ.”

“ಕುಡಿ. ನಿನ್ನೆ ಮೂರೇ ಲೋಟ ಕುಡಿದಿದ್ದು. ತುಟಿ ಒಡೆದಿದೆ ನೋಡು.”

“ಜೈಲಲ್ಲೂ ತೆಳು ನೀರೇ ಕೊಡ್ತಾರೆ ಕಣೇ.”

ಅವಳು ನಗಲಿಲ್ಲ. ಸಂಜೆಯಾದರೆ ಬೀದಿಯ ಜನ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕಂಕುಳಲ್ಲಿ ಫ್ಲಾಸ್ಕ್ ಅವುಚಿಕೊಂಡು ಮಾಟೆ ಎಲೆಯ ಬಿಸಿ ಕಷಾಯ ಹೀರುತ್ತಿದ್ದರು. ಅದನ್ನು ತುಂಬಿದ ಸೋರೆ ಬುರುಡೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿತ್ತು. ಎಂಬತ್ತು ವರ್ಷ ಆ ಸಾಲಿನಲ್ಲಿ ಕೂತವನು ಈಗ ಆ ಹೊತ್ತಿಗೆ ಕಿಟಕಿ ಮುಚ್ಚು ಎನ್ನುತ್ತಿದ್ದ.

ಈ ಗಟ್ಟಿ ನೀರಿನ ಮೂಲ ನಿಬಿಯಾಳೇ. ಹತ್ತೊಂಬತ್ತು ವರ್ಷದ ಹಿಂದೆ ಆಸ್ಪತ್ರೆಗೆ ನಿಯಮ ಬರೆದುಕೊಟ್ಟವಳು ಅವಳು: ಲಕ್ವ ಹೊಡೆದು ನುಂಗಲು ಕಷ್ಟವಾದವರಿಗೆ ಗಟ್ಟಿ ಮಾಡಿದ ನೀರು ಮಾತ್ರ. ಗಟ್ಟಿ ನೀರು ಮೆಲ್ಲಗೆ ಇಳಿಯುತ್ತದೆ, ಶ್ವಾಸನಾಳಕ್ಕೆ ಜಾರುವುದಿಲ್ಲ, ನ್ಯುಮೋನಿಯಾ ಬರುವುದಿಲ್ಲ. ಯಾರೂ ಪ್ರಶ್ನಿಸಿರಲಿಲ್ಲ, ಅವಳೂ ಪ್ರಶ್ನಿಸಿಕೊಂಡಿರಲಿಲ್ಲ. ದೇಶಕ್ಕೆಲ್ಲ ಒಂದೇ ಮಾರ್ಗಸೂಚಿ ಮಾಡಬೇಕು, ಪ್ರತಿ ಮಾತಿಗೂ ಪುರಾವೆ ಇರಬೇಕು ಎಂದು ರಾಜಧಾನಿಯಲ್ಲಿ ಐದು ಜನರ ಸಮಿತಿ ಕೂತಾಗ ಈ ಅಧ್ಯಾಯ ಅವಳ ಪಾಲಿಗೆ ಬಂತು. ಒಪ್ಪಿಕೊಂಡ ಎರಡನೇ ತಿಂಗಳಿಗೆ ಅಪ್ಪ ಹಾಸಿಗೆ ಹಿಡಿದ.

ಪುರಾವೆ ಜರಡಿ ಹಿಡಿಯುವ ಕೆಲಸಕ್ಕೆ ಸಮಿತಿಯ ಇನ್ನೊಬ್ಬ ಸದಸ್ಯೆ ಯಾನೀನಾ ಎಂಬ ಹುಡುಗಿ ಜೊತೆಗಿದ್ದಳು. ಇನ್ನೂ ಮೂವತ್ತಾಗಿರಲಿಲ್ಲ, ಅಂಕಿಗಳಲ್ಲಿ ಹುಲಿ. ಇಬ್ಬರೂ ಸೇರಿ ಎಂಟುನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿದರು. ನಂಬಬಹುದಾದವು ಹನ್ನೊಂದು ಉಳಿದವು. ಒಂದು ಭಾನುವಾರ ಯಾನೀನಾ ಫೋನ್ ಮಾಡಿದಳು.

“ಮೇಡಂ, ಕೂತ್ಕೊಂಡಿದೀರಾ?”

“ಹೇಳಮ್ಮ.”

“ಎಕ್ಸ್‌ರೇಯಲ್ಲಿ ಗಟ್ಟಿ ನೀರು ದಾರಿ ತಪ್ಪೋದು ಕಮ್ಮಿ, ನಿಜ. ಆದ್ರೆ ಅದರಿಂದ ನ್ಯುಮೋನಿಯಾ ಕಮ್ಮಿ ಆಗುತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಜನ ನೀರು ಕುಡಿಯೋದೇ ಬಿಡ್ತಾರೆ ಅನ್ನೋದಕ್ಕೆ ಮಾತ್ರ ಬೇಕಾದಷ್ಟಿದೆ.”

“ಇನ್ನೊಂದ್ಸಲ ನೋಡು.”

“ಮೂರು ಸಲ ನೋಡಿದೆ ಮೇಡಂ.”

ಫೋನ್ ಇಟ್ಟಾಗ ನೀರು ಕೊಡುವ ಹೊತ್ತಾಗಿತ್ತು. ಪುಡಿಯ ಡಬ್ಬಿ ತೆರೆದಳು, ಮೂವತ್ತು ಎಣಿಸಿದಳು. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ತೀರ್ಮಾನದ ಸಭೆಗೆ ಐದು ತಾಸು ಬಸ್ಸಿನಲ್ಲಿ ರಾಜಧಾನಿ ಮೊಂತೆವಿದೆಯೊಗೆ ಹೋದಳು. ಸಭೆಗೆ ಮುಂಚೆ ಎಲ್ಲರೂ ಒಂದು ಫಾರಂ ತುಂಬಬೇಕಿತ್ತು: ಯಾವ ಕಂಪನಿಯಿಂದಲಾದರೂ ಲಾಭ ಪಡೆದಿದ್ದೀರಾ, ಉಡುಗೊರೆ ಪಡೆದಿದ್ದೀರಾ? ಇಲ್ಲ, ಇಲ್ಲ. ಕೊನೆಯ ಸಾಲು, ತೀರ್ಮಾನದ ಮೇಲೆ ಪರಿಣಾಮ ಬೀರುವ ಬೇರೇನಾದರೂ ಇದೆಯೇ? ಪೆನ್ನು ಅಲ್ಲಿ ನಿಂತಿತು. ಖಾಲಿ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ‘ನನ್ನ ತಂದೆ ಈ ನೀರನ್ನೇ ಕುಡಿಯುತ್ತಾರೆ’ ಎಂದು ಬರೆದಳು.

ಅಧ್ಯಕ್ಷರು ಡಾಕ್ಟರ್ ಬೆಂತಾಂಕೂರ್, ಹಿರಿಯ ನರರೋಗ ತಜ್ಞರು. ಕೆಟ್ಟವರಲ್ಲ. ಫಾರಂ ಓದಿ ಕನ್ನಡಕ ತೆಗೆದರು.

“ನಿಬಿಯಾ, ಈ ಪ್ರಶ್ನೆಗೆ ನೀವು ಮತ ಹಾಕೋ ಹಾಗಿಲ್ಲ. ಹಾಕಿದ್ರೆ ನಾಳೆ ಯಾರಾದ್ರೂ ಅಪ್ಪನಿಗೋಸ್ಕರ ಮಾಡಿದ್ಲು ಅಂತಾರೆ.”

“ಹಾಗಾದ್ರೆ ಅಧ್ಯಾಯ ಬೇರೆಯವರು ಬರೀಲಿ.”

“ಇನ್ಯಾರು ಬರೀತಾರೆ? ನೀವು ಎದ್ದು ಹೋದ್ರೆ ಅಧ್ಯಾಯವೇ ಇಲ್ಲ. ಜನ ಹಳೇ ನಿಯಮದ ಕಾಗದ ಹಿಡ್ಕೊಂಡು ಕೂತಿರ್ತಾರೆ. ಆ ಹಳೇ ಕಾಗದವೂ ನಿಮ್ದೇ.”

ಅವಳು ಮೇಜಿನ ತುದಿಯಲ್ಲಿ ಕೂತು ಕೇಳಿಸಿಕೊಂಡಳು. ಯಾನೀನಾ ಅಂಕಿಗಳನ್ನೆಲ್ಲ ಮುಂದಿಟ್ಟಳು. ಡಾಕ್ಟರು ಸಮಾಧಾನವಾಗಿ ಕೇಳಿ ಹೇಳಿದರು: “ಆಧಾರ ಇಲ್ಲ ಅಂದ್ರೆ ಅಪಾಯ ಇಲ್ಲ ಅಂತಲ್ಲಮ್ಮ. ಹಳ್ಳಿ ಕಡೆ ಆಸ್ಪತ್ರೇಲಿ ಒಬ್ಬ ರೋಗಿ ನೀರು ಕುಡಿದು ಸತ್ತ ಅಂದ್ಕೋ. ಯಾರು ಉತ್ತರ ಕೊಡ್ತಾರೆ? ನಾವಾ, ಆ ನರ್ಸಾ?” ಅವರ ಜಾಗದಲ್ಲಿದ್ದರೆ ತಾನೂ ಹಾಗೇ ಹೇಳುತ್ತಿದ್ದೆನೇನೋ ಅನ್ನಿಸಿತು ನಿಬಿಯಾಳಿಗೆ. ನಾಲ್ಕು ಮತಗಳಲ್ಲಿ ಮೂರು ಗಟ್ಟಿ ನೀರಿನ ಕಡೆ ಹೋದವು, ಅದೂ ‘ಬಲವಾದ ಶಿಫಾರಸು’ ಎಂದು. ಯಾನೀನಾ ಒಬ್ಬಳು ವಿರುದ್ಧ. ಪುರಾವೆ ಬಹಳ ಕಡಿಮೆ ಎಂಬ ಮಾತನ್ನು ಪುಸ್ತಕದ ಕೊನೆಗೆ ಹಾಕೋಣ ಎಂದರು ಡಾಕ್ಟರು. ನಿಬಿಯಾ ಮೊದಲ ಸಲ ದನಿ ಎತ್ತಿದಳು.

“ಮತ ಇಲ್ಲ, ಸರಿ. ಬರೆಯೋ ಕೈ ನನ್ನದು. ಅದು ಶಿಫಾರಸಿನ ಕೆಳಗೇ ಬರ್ಬೇಕು.”

ಸಣ್ಣ ಅಕ್ಷರದಲ್ಲಿ ಬರಲಿ ಎಂಬಲ್ಲಿಗೆ ರಾಜಿಯಾಯಿತು.

ಮನೆಗೆ ಬಂದು ಬರೆದಳು. ತಾನು ನಂಬದ ವಾಕ್ಯವನ್ನು ತನ್ನದೇ ಕೈಯಲ್ಲಿ, ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಬರೆಯಬೇಕಿತ್ತು. ನಾಲ್ಕು ದಿನ ಹಿಡಿಯಿತು. ಐದನೇ ದಿನ ಬೆಳಿಗ್ಗೆ ಹಾಳೆಗಳು ಮೇಜಿನ ಮೇಲಿದ್ದವು. ಹಳೇ ಚಾಳಿ, ದಾರ್ದೊ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಓದತೊಡಗಿದ. ಒಂದು ಪುಟದಲ್ಲಿ ಎರಡು ಕಡೆ ಗೀಟು ಎಳೆದ.

“ಮಗಳೇ, ಬಾ ಇಲ್ಲಿ. ಮೇಲೆ ‘ಬಲವಾದ ಶಿಫಾರಸು’ ಅಂತಿದೆ. ಕೆಳಗೆ ‘ಪುರಾವೆ ಬಹಳ ಕಡಿಮೆ’ ಅಂತಿದೆ. ಒಂದು ಅಚ್ಚಿನ ತಪ್ಪು. ಯಾವ್ದು?”

“ಎರಡೂ ಸರಿ ಅಪ್ಪ.”

“ನನ್ನ ಸಂಪಾದಕನ ಮುಂದೆ ಇದನ್ನಿಟ್ಟಿದ್ರೆ ಹಾಳೇನ ಮುಖಕ್ಕೇ ಎಸೀತಿದ್ದ.” ಪೆನ್ಸಿಲ್ ಕೆಳಗಿಟ್ಟ. “ಅಂದ್ರೆ ನಿಂಗೂ ಗೊತ್ತಿಲ್ಲ. ಎಂಟು ತಿಂಗಳಿಂದ ಗೋಂದು ಕುಡಿಸ್ತಿದೀಯ, ಗೊತ್ತಿಲ್ದೆ.”

“ನಿಂಗೇನಾದ್ರೂ ಆದ್ರೆ?”

“ಎಂಬತ್ತೊಂದಾಯ್ತು. ಏನಾದ್ರೂ ಆಗ್ಲೇಬೇಕಲ್ಲ. ಬಾಯಾರಿಕೇಲಿ ಆಗೋದು ಬೇಡ.”

ಅವಳು ಅಡುಗೆಮನೆಗೆ ಹೋಗಿ ನಲ್ಲಿಯ ಮುಂದೆ ಬಹಳ ಹೊತ್ತು ನಿಂತಳು. ಪುಡಿ ಹಾಕಿದರೆ ಸೆರೆಮನೆಯ ಕಾವಲುಗಾರ್ತಿ, ಹಾಕದಿದ್ದರೆ ಕೊಲೆಗಾರ್ತಿ. ನಡುವೆ ನಿಲ್ಲಲು ಅಂಗೈಯಗಲ ಜಾಗವೂ ಅವಳಿಗೆ ಕಾಣಲಿಲ್ಲ. ಕೊನೆಗೆ ಒಂದು ಚೀಟಿ ಬರೆದು ತಂದಳು: ಅಪಾಯ ತಿಳಿದೇ ತೆಳು ನೀರು ಕುಡಿಯುತ್ತೇನೆ. ಅಪ್ಪ ಅದರಲ್ಲೊಂದು ಕಾಗುಣಿತ ತಿದ್ದಿ, ಎಡಗೈಯಲ್ಲಿ ಸೊಟ್ಟ ಸಹಿ ಹಾಕಿದ. ನೀರಿನ ಜೊತೆ ಬಾಯಿಯ ಕೊಳೆ ಎದೆಗಿಳಿಯದಿರಲೆಂದು ಅವನ ಹಲ್ಲು, ನಾಲಿಗೆ ತಿಕ್ಕಿಸಿ, ನೆಟ್ಟಗೆ ಕೂರಿಸಿ, ಗದ್ದ ಎದೆಗೆ ಒತ್ತಿಸಿ ಟೀ ಚಮಚದಲ್ಲಿ ನೀರು ಕೊಟ್ಟಳು. ಕೆಮ್ಮಿದ. ಅವಳು ಚಮಚ ಕೆಳಗಿಟ್ಟಳು. ಅವನು ಕೆಮ್ಮುತ್ತಲೇ ಇನ್ನೊಂದು ಎಂದು ಬೆರಳು ತೋರಿಸಿದ.

ಮೂರು ವಾರ ಚೆನ್ನಾಗಿ ನಡೆಯಿತು. ತುಟಿ ಮೆದುವಾಯಿತು. ಕಿಟಕಿ ತೆರೆಯಿತು. ಆಮೇಲೆ ಒಂದು ಮಧ್ಯಾಹ್ನ ಜ್ವರ, ಏದುಸಿರು. ನ್ಯುಮೋನಿಯಾ ಎಂದರು.

ಅವಳದೇ ಆಸ್ಪತ್ರೆ. ಅವಳೇ ತರಬೇತಿ ಕೊಟ್ಟ ಹುಡುಗಿ ಮಂಚಕ್ಕೆ ಫಲಕ ತೂಗುಹಾಕಿದಳು: ಗಟ್ಟಿ ನೀರು ಮಾತ್ರ. ವಾರ್ಡಿನ ಡಾಕ್ಟರು ಮೆಲ್ಲಗೆ ಕೇಳಿದರು, “ತೆಳು ನೀರು ಕೊಟ್ರಾ?”

“ಕೊಟ್ಟೆ.”

ಅವರು ಬೈಯಲಿಲ್ಲ. ಫೈಲಿನಲ್ಲಿ ಬರೆಯಲೂ ಇಲ್ಲ, ಮುಚ್ಚಿಟ್ಟು ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಿಬಿಯಾ ಹೊರಗೆ ಬಂದು ಯಾನೀನಾಗೆ ಫೋನ್ ಮಾಡಿದಳು.

“ನೀರಿನಿಂದ್ಲೇ ಆಯ್ತಾ? ನೀನೇ ಹೇಳು.”

“ಒಬ್ಬರನ್ನ ನೋಡಿ ಹೇಳಕ್ಕಾಗಲ್ಲ ಮೇಡಂ. ಗಟ್ಟಿ ನೀರು ಕುಡಿಯೋರಿಗೂ ಬರುತ್ತೆ. ಬೇರೆಯವರು ಕೇಳಿದ್ರೆ ನೀವೂ ಇದನ್ನೇ ಹೇಳ್ತಿದ್ರಿ.”

ಹನ್ನೆರಡು ದಿನಕ್ಕೆ ದಾರ್ದೊ ಬದುಕಿ ಮನೆಗೆ ಬಂದ, ಮೂಳೆ ಎಣಿಸುವ ಹಾಗೆ ಇಳಿದುಹೋಗಿದ್ದ. ಅವಳು ಮತ್ತೆ ಪುಡಿಯ ಡಬ್ಬಿ ತೆಗೆದಳು. ಅವನು ಏನಿದು ಎಂದು ಕೇಳಲಿಲ್ಲ. ಕಣ್ಣು ಮುಚ್ಚಿ ನುಂಗಿದ. ಆ ವಿಧೇಯತೆಯನ್ನು ಅವಳಿಂದ ನೋಡಲಾಗಲಿಲ್ಲ.

ಮಾರ್ಗಸೂಚಿ ಅಚ್ಚಾಗಿ ಊರೂರಿಗೆ ಹೋಯಿತು. ತಿಂಗಳೊಪ್ಪತ್ತಿನಲ್ಲಿ ತಕ್ವಾರೆಂಬೊ ಕಡೆಯ ಸಣ್ಣ ಆಸ್ಪತ್ರೆಯ ಆಹಾರ ತಜ್ಞೆಯೊಬ್ಬಳು ಫೋನ್ ಮಾಡಿದಳು.

“ಈ ಅಧ್ಯಾಯ ಬರೆದೋರು ನೀವೇ ಅಲ್ವಾ? ಮೇಲೊಂದು ಹೇಳ್ತೀರಿ, ಕೆಳಗೊಂದು ಹೇಳ್ತೀರಿ. ನಮ್ಮಲ್ಲೊಬ್ಬರು ಅಜ್ಜಿ ನೀರಿಗೆ ಅಳ್ತಾರೆ. ನಾನೇನು ಮಾಡ್ಲಿ?”

“ಅವರನ್ನೇ ಕೇಳು. ಬಾಯಿ ಸ್ವಚ್ಛ ಮಾಡಿಸು, ನೆಟ್ಟಗೆ ಕೂರಿಸು, ಚಮಚದಲ್ಲಿ ಕೊಡು. ಅವರು ಹೇಳಿದ್ದನ್ನ ಚಾರ್ಟಲ್ಲಿ ಬರಿ.”

“ಇದನ್ನ ನಂಗೆ ಬರೆದು ಕೊಡ್ತೀರಾ?”

ಬರೆದುಕೊಟ್ಟರೆ ತಾನು ಬರೆದ ಅಧ್ಯಾಯಕ್ಕೆ ತಾನೇ ವಿರುದ್ಧ.

“ಇಲ್ಲ,” ಎಂದಳು ನಿಬಿಯಾ.

“ಗೊತ್ತಿತ್ತು,” ಎಂದಿತು ಆ ಕಡೆಯ ದನಿ, ಸಿಟ್ಟಿಲ್ಲದೆ.

ಅವತ್ತು ಅವಳು ಅಪ್ಪನ ಮುಂದೆ ಎರಡು ಲೋಟ ಇಟ್ಟಳು, ಒಂದು ಗಟ್ಟಿ, ಒಂದು ತೆಳು. ದಾರ್ದೊ ಅವಳ ಮುಖ ನೋಡಿದ. ಚಮಚ ಎತ್ತಿ ತೆಳು ನೀರನ್ನು ನಿಧಾನವಾಗಿ, ಗದ್ದ ಬಗ್ಗಿಸಿ ಕುಡಿದ. ಆಮೇಲೆ ಇನ್ನೊಂದು ಲೋಟವನ್ನು ಹತ್ತಿರ ಎಳೆದುಕೊಂಡು ಅರ್ಧ ಮುಗಿಸಿದ.

“ಅದು ನಂಗೆ,” ಅಂದ, ಬಾಯಿ ಒರೆಸಿಕೊಳ್ಳುತ್ತ. “ಇದು ನಿಂಗೆ.”

ಹಾಗೇ ನಡೆಯಿತು. ಕೆಲವು ದಿನ ಅವಳಿಗೆ ಧೈರ್ಯ ಸಾಲದೆ ಒಂದೇ ಲೋಟ ಇಡುತ್ತಿದ್ದಳು, ಅವನು ತಿಳಿದೂ ಕೇಳುತ್ತಿರಲಿಲ್ಲ. ಆಮೇಲೆ ಹದಿನಾಲ್ಕು ತಿಂಗಳು ಬದುಕಿದ. ಕೊನೆಗೆ ಸಾವು ಬಂದದ್ದು ಮತ್ತೊಂದು ಲಕ್ವದಿಂದ, ಶ್ವಾಸಕೋಶದಿಂದಲ್ಲ. ನೆಂಟರು ಅದನ್ನೇ ಸಮಾಧಾನವೆಂದು ಹೇಳಿದರು. ನಿಬಿಯಾ ತಲೆಯಾಡಿಸಿದಳು. ಅದರಿಂದಲೂ ಏನೂ ಸಾಬೀತಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.