ಕೈಮರ ಬಿದ್ದ ದಿನ

"ಯಾವ ಮುಂಡೆಯೇ ಅವಳು, ಕೈಮರ ಬಿತ್ತು ಅಂದೋಳು?"

ಜಲ್ಲಿಯ ಮೇಲೆ ಬೂಟು ಜಾರಿಸಿಕೊಳ್ಳುತ್ತ ಬಂದ ಇಂಜಿನಿಯರ್ ರಾಮಮೂರ್ತಿ ಕೂಗಿದ. ಅವನ ಬೆನ್ನ ಹಿಂದೆ ಎಕ್ಸ್‌ಪ್ರೆಸ್ ಗಾಡಿ ಘಟ್ಟದ ತಿರುವಿನುದ್ದಕ್ಕೂ ನಿಂತುಬಿಟ್ಟಿತ್ತು.

"ನಾನೇ ಸ್ವಾಮಿ," ಎಂದಳು ಮುನಿಗಂಗಮ್ಮ, ಚಟ್ಟದ ಪಕ್ಕದಿಂದ ಏಳದೆ. "ಮುಂಡೆ ಆಗಿದ್ದು ಇವತ್ತು ಬೆಳಿಗ್ಗೆ."

ನೆರೆಮನೆಯ ಪಿಳ್ಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುವೋ ನಗುವೋ ತಿಳಿಯಲಿಲ್ಲ.

"ಎಲ್ಲಿ ಬಿದ್ದಿದೆ ಸಿಗ್ನಲ್ಲು? ತೋರ್ಸು!"

ಮುನಿಗಂಗಮ್ಮ ಗಂಡನ ಮುಖದ ಮೇಲಿನ ಬಟ್ಟೆ ಸರಿಸಿದಳು. "ಇಗಾ, ಇಲ್ಲಿ."

ಇಂಜನ್‌ಪಾಳ್ಯದಲ್ಲಿ ಹಳಿ ಕೆಲಸದವರ ಗ್ಯಾಂಗ್ ಕಾಲೊನಿಯಲ್ಲಿ ಯಾರೂ ಸಾಯುವುದಿಲ್ಲ. ಅವರ ಕೈಮರ ಬೀಳುತ್ತದೆ. ಹೊಗೆಗಾಡಿಯ ಕಾಲದಲ್ಲಿ ಕಂಬದ ತುದಿಯ ಮರದ ಕೈ ಕೆಳಗೆ ಬಿತ್ತೆಂದರೆ ದಾರಿ ಬಿಟ್ಟಿದೆ, ಹೋಗಬಹುದು ಎಂದರ್ಥ. ಕೈಗಳು ಹೋಗಿ ಬಣ್ಣದ ದೀಪಗಳು ಬಂದವು. ಮಾತು ಮಾತ್ರ ಕಾಲೊನಿಯಲ್ಲಿ ಉಳಿದುಕೊಂಡಿತು. ಹಳಿ ನೋಡುತ್ತ ಬಂದ ಹೊಸ ಕೀಮ್ಯಾನನಿಗೆ ಮುನಿಗಂಗಮ್ಮ "ಕೈಮರ ಬಿತ್ತು ಕಣಪ್ಪ, ಮ್ಯಾಲಕ್ಕೆ ತಿಳಿಸ್ಬುಡು" ಅಂದಿದ್ದಳು. ಮೇಲಕ್ಕೆ ಅಂದರೆ ಘಟ್ಟದ ಮೇಲಿನ ಗ್ಯಾಂಗಿನವರಿಗೆ. ಅವನು ದೂರದ ಸೀಮೆಯವನು. ಸಿಗ್ನಲ್ ಕಂಬವೇ ಹಳಿಯ ಮೇಲೆ ಬಿತ್ತೆಂದುಕೊಂಡು ಮೇಲಿನ ಸಾಹೇಬರಿಗೆ ಫೋನು ಮಾಡಿದ್ದ.

ಹಾಗೆ ಎಷ್ಟೋ ವರ್ಷಗಳ ಮೇಲೆ ಇಂಜನ್‌ಪಾಳ್ಯದಲ್ಲಿ ಗಾಡಿ ನಿಂತಿತು.

ಈ ಊರು ಹುಟ್ಟಿದ್ದೇ ಇಂಜಿನ್ನಿನ ದಾಹಕ್ಕೆ. ರಾಯಕೋಟೆಯ ಕಡೆಯಿಂದ ಏರಿ ಬರುವ ಗಾಡಿ ಇಲ್ಲಿ ನೀರು ಕುಡಿಯುತ್ತಿತ್ತು. ಹಿಂದಿನಿಂದ ನೂಕುವ ಎರಡನೆಯ ಇಂಜಿನ್ನು ಇಲ್ಲೇ ಸೇರಿಕೊಳ್ಳುತ್ತಿತ್ತು. ಅದರ ಹಿಂದೆ ಹುಣಸೆ ಮಂಡಿ ಬಂತು, ಸಂತೆ ಬಂತು, ಟೆಂಟ್ ಸಿನಿಮಾ ಬಂತು. ಈಗಿನ ಗುಡಿ ಧರ್ಮದರ್ಶಿ ಶ್ಯಾಮಣ್ಣನ ಅಪ್ಪನ ಹೋಟೆಲು ಬಂತು. ಅದರ ಹಿತ್ತಲಿನ ಬೇಲಿಗೂಟಗಳಿಗೆ ಗ್ಯಾಂಗಿನವರಿಗೆಂದೇ ಕಾಫಿ ಹುಯ್ಯುವ ತೆಂಗಿನ ಚಿಪ್ಪುಗಳನ್ನು ಕವುಚಿಟ್ಟಿರುತ್ತಿದ್ದರು. ಡೀಸೆಲ್ ಇಂಜಿನ್ನಿಗೆ ಬಾಯಾರಲಿಲ್ಲ. ಕರೆಂಟಿನದಕ್ಕೆ ಏದುಸಿರೂ ಬರಲಿಲ್ಲ. ಮಂಡಿ, ಸಂತೆ, ಸಿನಿಮಾ ಎಲ್ಲ ಇಳಿಜಾರಿನಲ್ಲಿ ಬಿಟ್ಟ ಬಂಡಿಯ ಹಾಗೆ ಹೊಸೂರಿಗೆ ಉರುಳಿಹೋದವು. ಆದರೂ ಹಳೇ ಮೇಲ್ ಗಾಡಿಯ ಹೊತ್ತಾದರೆ ಕಾಲೊನಿಯ ಹೆಂಗಸರು ಇವತ್ತಿಗೂ ಸಾರಿನ ಪಾತ್ರೆಗೆ ಮುಚ್ಚಳ ಹಾಕುತ್ತಾರೆ. ಯಾವ ಕಲ್ಲಿದ್ದಲ ಪುಡಿಯೂ ಬೀಳುವುದಿಲ್ಲ. ಆಮೇಲೆ ತಮ್ಮಷ್ಟಕ್ಕೇ ಮುಚ್ಚಳ ತೆಗೆಯುತ್ತಾರೆ.

ಕಾಲೊನಿಯವರು ಹೆಣ ಹೂಳುವ ಮಣ್ಣಿನ ಜಾಗ ಹಳಿಯ ಆಚೆ. ಗೇಟು ಇದ್ದಾಗ ದಾಟಿಕೊಂಡು ಹೋಗುತ್ತಿದ್ದರು. ಈಗ ಗೇಟು ಮುಚ್ಚಿ ಕಬ್ಬಿಣದ ತುಂಡು ನೆಟ್ಟು, ದಾಟಿದರೆ ಜೈಲು ಎಂಬ ಬೋರ್ಡು ಹಾಕಿದ್ದಾರೆ. ಉಳಿದದ್ದು ಗುಡಿ ಬೀದಿಯಿಂದ ಸೇತುವೆ ಕೆಳಗೆ ಹೋಗುವ ದಾರಿ. ಬೆಳಿಗ್ಗೆ ಕುಮಾರೇಶ್, ಮುನಿಗಂಗಮ್ಮನ ಅಣ್ಣನ ಮಗ, ಮೂಕಂಡಪಲ್ಲಿಯ ಫ್ಯಾಕ್ಟರಿಗೆ ರಜೆ ಹಾಕಿ ಬಂದವನು, ಶ್ಯಾಮಣ್ಣನನ್ನು ಆ ದಾರಿ ಕೇಳಲು ಹೋಗಿದ್ದ.

"ಜಾತ್ರೆಗೆ ಗುಡೀಲಿ ಬಾವುಟ ಏರ್ಸಿವ್ನಿ ಕಣ್ಲಾ," ಅಂದಿದ್ದ ಶ್ಯಾಮಣ್ಣ, ಮೆಟ್ಟಿಲ ಮೇಲಿಂದಲೇ. "ನಿಮ್ ಹೆಣ ಈ ಬೀದೀಲಿ ಬಂದ್ರೆ ದ್ಯಾವ್ರು ಎದ್ದೋಯ್ತದೆ."

"ಊರೇ ಎದ್ದೋಯ್ತು. ದ್ಯಾವ್ರು ಇನ್ನೂ ಕುಂತವ್ನಾ?"

"ಫ್ಯಾಕ್ಟರಿ ಅನ್ನ ಮಾತಾಡಿಸ್ತೈತೇನ್ಲಾ ಬೇವರ್ಸಿ? ನಿಮ್ಮಪ್ಪ ಇಲ್ಲಿ ಚಪ್ಲಿ ಕೈಲಿ ಹಿಡ್ಕಂಡು ಹೋಯ್ತಿದ್ದ. ನಡಿಯಲಾ!"

ಅದಕ್ಕೇ ಚಟ್ಟ ಈಗ ಮುಚ್ಚಿದ ಗೇಟಿನ ಮುಂದೆ ಬಿಸಿಲಿನಲ್ಲಿತ್ತು. ಗಾಡಿ ಅದಕ್ಕೆ ಅಡ್ಡ ನಿಂತಿತ್ತು.

"ಕಂಬಗಳನ್ನೆಲ್ಲ ನೋಡಿ ಮುಗೀತಾ?" ರಾಮಮೂರ್ತಿ ಫೋನಿನಲ್ಲಿ ಕಿರುಚಿದ. ಆಮೇಲೆ ಇವರತ್ತ ತಿರುಗಿದ. "ನಿಮ್ಮೆಲ್ಲರ ಮೇಲೂ ಕೇಸ್ ಹಾಕ್ತೀನಿ. ಎತ್ತಿ ಇದನ್ನ."

"ಎಲ್ಲಿಗೆ ಸ್ವಾಮಿ?" ಅಂದ ದೊಡ್ಡಣ್ಣ. ಅವನು ಸತ್ತ ಅಶ್ವತ್ಥಪ್ಪನ ಜೊತೆ ಒಂದೇ ಹಾರೆ ಹಿಡಿದು ಹಳಿ ಎತ್ತಿದವನು.

"ಎಲ್ಲಿಗಾದ್ರೂ. ಹಳಿ ಮಾತ್ರ ದಾಟೋ ಹಾಗಿಲ್ಲ. ಗಾಡಿ ಹೋದ ಮೇಲೂ ಇಲ್ಲ."

ಮುನಿಗಂಗಮ್ಮ ತಲೆಯೆತ್ತಿದಳು. ಎದುರಿನ ಬೋಗಿಯ ಬಾಗಿಲು ತೆರೆದಿತ್ತು. ಅದರಾಚೆಯ ಬಾಗಿಲೂ ತೆರೆದಿತ್ತು. ಆ ಎರಡನೆಯ ಬಾಗಿಲಿನ ಚೌಕಟ್ಟಿನೊಳಗೆ, ಗೋಡೆಗೆ ತೂಗುಹಾಕಿದ ಪಟದಂತೆ, ಮಣ್ಣಿನ ಜಾಗದ ಎಕ್ಕದ ಗಿಡಗಳು ಕಂಡವು.

"ದೊಡ್ಡಣ್ಣೋ," ಅಂದಳು. "ಹಳಿ ದಾಟೋದು ಬ್ಯಾಡ. ಗಾಡಿ ದಾಟಾನ."

ದೊಡ್ಡಣ್ಣ ಬಾಗಿಲನ್ನು ನೋಡಿದ. ಅಂಗೈಗೆ ಉಗುಳಿಕೊಂಡ.

"ಹಾಕ್ರಲಾ ಕೈಯಾ... ಐಲಸಾ!"

ಹಳಿ ಎತ್ತುವ ಆ ಕೂಗಿಗೆ ಕಾಲೊನಿಯ ಬೆನ್ನುಗಳು ತಾವಾಗಿಯೇ ಬಗ್ಗಿದವು. ಚಟ್ಟ ಮೇಲೆದ್ದಿತು. ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ಒಳಗೆ ಓಡಿದರು.

"ಏಯ್, ಇದು ರಿಸರ್ವೇಶನ್ ಕೋಚು! ಟಿಕೆಟ್ ಎಲ್ಲಿ?" ಒಳಗಿನಿಂದೊಬ್ಬ ಕೂಗಿದ.

"ಹೋಗೋನ್ಗೆ ಟಿಕೇಟು," ಅಂದಳು ಪಿಳ್ಳಮ್ಮ ಕೆಳಗಿನಿಂದ. "ದಾಟೋನ್ಗೆ ಯಾತಕ್ಲಾ, ನನ್ ಸವತಿ ಮಗನೆ?"

ಚಟ್ಟ ಹಿಡಿದ ದೊಡ್ಡಣ್ಣನ ಜೊತೆ ಮುನಿಗಂಗಮ್ಮನೂ ಕಂಬಿ ಹಿಡಿದು ಹತ್ತಿದಳು. ಬದುಕಿಡೀ ಗಾಡಿಗಳ ಕೆಳಗೆ ಜಲ್ಲಿ ತುಂಬಿದವಳು. ಒಳಗೆ ಇಷ್ಟು ತಂಪಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕುಮಾರೇಶ್ ಇನ್ನಿಬ್ಬರ ಜೊತೆ ಆಚೆ ಬಾಗಿಲಿಂದ ಧುಮುಕಿ ಕೈ ಮೇಲೆತ್ತಿ ನಿಂತ. ಚಟ್ಟದ ತುದಿ ಆ ಬಾಗಿಲಿಗೆ ಮುಟ್ಟಿತು.

"ಬಿಡ್ರಿ, ಗಾಡಿ ಬಿಡ್ರಿ!" ರಾಮಮೂರ್ತಿ ಫೋನಿಗೆ ಅರಚಿದ. "ಇಳೀತಾರೆ, ಹೆದರಿಕೊಂಡು ತಾವೇ ಇಳೀತಾರೆ!"

ಗಾಡಿ ಜಗ್ಗಿತು.

"ಅತ್ತೇ, ತಳ್ಳತ್ತೇ! ಹಿಡ್ಕಂತೀನಿ!" ಕುಮಾರೇಶ್ ಜಲ್ಲಿಯ ಮೇಲೆ ಎಡವುತ್ತ ಓಡಿದ.

ಮುನಿಗಂಗಮ್ಮ ಚಕ್ರ ನೋಡಿದಳು. ಅಣ್ಣನ ಮಗನ ಕಾಲು ನೋಡಿದಳು.

"ಬ್ಯಾಡ ಕಣ್ಲಾ! ಒಂದೇ ಹೆಣ ಸಾಕು!"

ಚಟ್ಟವನ್ನು ಒಳಕ್ಕೆ ಎಳೆದುಕೊಂಡಳು. ದೊಡ್ಡಣ್ಣ ಕಾಲಿನ ಕಡೆ ಕುಸಿದು ಕೂತ. ಎಕ್ಕದ ಗಿಡಗಳು ಹೋದವು. ಅವಳು ಈಚೆ ಬಾಗಿಲಿಗೆ ತಿರುಗುವಷ್ಟರಲ್ಲಿ ನೀರಿನ ತೊಟ್ಟಿ, ಹುಲ್ಲು ಬೆಳೆದ ಪ್ಲಾಟ್‌ಫಾರಂ, ಕಾಲೊನಿಯ ಹೆಂಚು ಒಂದರ ಹಿಂದೊಂದು ಬಂದು ಹೋದವು. ಉಸಿರು ಬಿಡುವುದರೊಳಗೆ ಊರು ಮುಗಿದಿತ್ತು.

"ಇಷ್ಟೇಯಾ?" ಅಂದಳು.

ಮೂಗಿಗೆ ಕರವಸ್ತ್ರ ಹಿಡಿದವನೊಬ್ಬ ಒಳಗಿನಿಂದ ಇಣುಕಿದ. "ಎಲ್ಲಿ ಇಳೀತೀರಮ್ಮಾ ನೀವು?"

ಮುನಿಗಂಗಮ್ಮ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ನೆಲ ಕೊಡೋ ಊರು ಬಂದ್ರೆ ಹೇಳಪ್ಪ," ಅಂದಳು. "ಅಲ್ಲೀಗಂಟ ಇಲ್ಲೇ ಇರ್ತೀವಿ."

ಗಾಡಿ ಘಟ್ಟ ಏರತೊಡಗಿತು. ಅವನು ಬೋಗಿಯ ಒಳಬಾಗಿಲು ಎಳೆದುಕೊಂಡ. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.