ಬೋಣಿಯ ಬಿಲ್ಲೆ

ಆ ಬೆಳಿಗ್ಗೆ ಶಿಡ್ಲಘಟ್ಟದಲ್ಲಿ ಧನುರ್ಮಾಸದ ಮಂಜು ಬಿದ್ದಿತ್ತು. ರೇಷ್ಮೆಗೂಡು ಬೇಯಿಸುವ ಒಲೆಗಳ ಹೊಗೆಯೂ ಸತ್ತ ಹುಳದ ವಾಸನೆಯೂ ಮೇಲೇರಲಾರದೆ ಬೀದಿಯಲ್ಲೇ ಸುಳಿಯುತ್ತಿದ್ದವು. ದೇವಸ್ಥಾನದ ಗಂಟೆ ಕೇಳುತ್ತಿತ್ತು, ದೇವಸ್ಥಾನ ಕಾಣುತ್ತಿರಲಿಲ್ಲ. ಖಲೀಮುಲ್ಲಾನ ವಿಡಿಯೋ ಗೇಮ್ ಅಂಗಡಿಯ ಜಗಲಿಯಲ್ಲಿ ಟೀ ಮಾರುವ ಓಬಳಮ್ಮ ಸ್ಟೌ ಹಚ್ಚಿ, ಹಾಲು ಕಾಯಲಿಟ್ಟು ತಲೆಯೆತ್ತಿದಾಗ ಅಂಗಡಿಯ ಬಾಗಿಲಲ್ಲಿ ಸ್ಲೇಟೊಂದು ತೂಗುತ್ತಿತ್ತು. ಆಕೆಗೆ ಓದು ಬಾರದು. ಮೊದಲ ಟೀಗೆ ಬಂದ ಚಲಪತಿಯನ್ನು ಓದು ಅಂದಳು.

ಚಲಪತಿ ಸ್ಲೇಟಿನ ಹತ್ತಿರ ಹೋಗಿ, ಮಂಜಿನ ತೇವವನ್ನು ಅಂಗೈಯಿಂದ ಒರೆಸಿ ಓದಿದ. ಇವತ್ತಿನಿಂದ ಹಳೇ ಬಿಲ್ಲೆ ನಡೆಯುವುದಿಲ್ಲ, ಹೊಸ ಹಿತ್ತಾಳೆ ಬಿಲ್ಲೆಗೆ ಮಾತ್ರ ಆಟ, ಹಳೆಯದನ್ನು ವಾಪಸು ತೆಗೆದುಕೊಳ್ಳುವುದಿಲ್ಲ.

ಓಬಳಮ್ಮ ಮತ್ತೊಮ್ಮೆ ಓದಿಸಿದಳು. ಹಾಲು ಉಕ್ಕಿ ಸ್ಟೌ ಆರಿತು.

ಬಿಲ್ಲೆ ಬಂದದ್ದು ಹೀಗೆ. ಖಲೀಮುಲ್ಲಾನ ತಂದೆಯ ಕಾಲಕ್ಕೆ ಅಲ್ಲಿ ರೇಷ್ಮೆ ನೂಲು ತೆಗೆಯುವ ಚರಕಗಳಿದ್ದವು. ನೂಲಿನ ಬೆಲೆ ಬಿದ್ದಾಗ ಮಗ ಚರಕಗಳನ್ನು ಮಾರಿ, ಬೆಂಗಳೂರಿನಿಂದ ಮೂರು ವಿಡಿಯೋ ಗೇಮ್ ಪೆಟ್ಟಿಗೆ ತಂದು ಸಾಲಾಗಿ ನಿಲ್ಲಿಸಿದ. ಚಿಂತಾಮಣಿಯ ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಬಿಲ್ಲೆ ಮಾಡಿಸಿದ. ರೂಪಾಯಿಗೊಂದು ಬಿಲ್ಲೆ, ಬಿಲ್ಲೆಗೊಂದು ಆಟ. ವಿಮಾನದ ಆಟದಲ್ಲಿ ಮೂರನೇ ಘಟ್ಟ ದಾಟಿದವನಿಗೆ ಎರಡು ಬಿಲ್ಲೆ ಇನಾಮು ಎಂದು ಸಾರಿದ. ದಾಟುವವರು ಯಾರೂ ಇರಲಾರರು ಎಂಬುದು ಅವನ ಎಣಿಕೆ.

ಆದರೆ ಆ ಊರಿನ ಬೆರಳುಗಳೇ ಬೇರೆ. ಕುದಿನೀರಿನಲ್ಲಿ ತಿರುಗುವ ಗೂಡಿನಿಂದ ಕಣ್ಣಿಗೂ ಕಾಣದ ಎಳೆಯನ್ನು ಹಿಡಿದೆತ್ತುವ ಬೆರಳಿಗೆ ಪೆಟ್ಟಿಗೆಯ ಗುಂಡಿ ಒತ್ತುವುದು ಏನು ಮಹಾ? ನೂಲು ತೆಗೆಯುವ ಕೆಲಸದ ಚಲಪತಿ ಒಂದು ಬಿಲ್ಲೆ ಹಾಕಿ ಸಂಜೆಯಿಡೀ ಆಡಿ, ಜೇಬು ತುಂಬ ಬಿಲ್ಲೆ ಹೊತ್ತು ಬರುತ್ತಿದ್ದ. ಅಷ್ಟನ್ನೂ ತಾನೇ ಆಡಿ ಮುಗಿಸಲಾದೀತೇ? ಆಟ ಬಾರದವರಿಗೆ ಮುಕ್ಕಾಲು ರೂಪಾಯಿಗೆ ಮಾರಿದ. ಉಳಿದದ್ದಕ್ಕೆ ಟೀ ಕುಡಿದ. ಆಗ ಊರಿನಲ್ಲಿ ಚಿಲ್ಲರೆಗೆ ಬರ. ಅಂಗಡಿಯವರು ಚಿಲ್ಲರೆ ಕೇಳಿದರೆ ಪೆಪ್ಪರಮೆಂಟು ಕೊಡುತ್ತಿದ್ದರು. ಅದಕ್ಕಿಂತ ಬಿಲ್ಲೆ ಮೇಲು ಅನ್ನಿಸಿತು. ಸಂಜೆಯಾದರೆ ಆಡುವವನೊಬ್ಬ ಕೊಂಡೇ ಕೊಳ್ಳುತ್ತಾನೆ ಎಂಬ ಧೈರ್ಯಕ್ಕೆ ಕ್ಷೌರದವನೂ ತೆಗೆದುಕೊಂಡ, ಪಂಕ್ಚರ್ ಹಾಕುವವನೂ ತೆಗೆದುಕೊಂಡ. ಪೆಟ್ಟಿಗೆಯಿಂದ ಹೊರಟ ಬಿಲ್ಲೆ ಆಟಗಾರನ ಜೇಬಿಗೆ, ಅಲ್ಲಿಂದ ಟೀಗೆ, ಟೀಯಿಂದ ಎಲೆ ಅಡಿಕೆಗೆ, ಮತ್ತೆ ಆಟಗಾರನ ಕೈಗೆ. ದೇವರ ತೀರ್ಥದ ಹಾಗೆ ಬೀದಿಯೆಲ್ಲ ಹರಿಯಿತು.

ಖಲೀಮುಲ್ಲಾ ಹಿಗ್ಗಿದ. ಲೋಹದ ಚೂರೊಂದನ್ನು ಹೊರಗೆ ಕಳಿಸಿದರೆ ಟೀ ಬರುತ್ತಿತ್ತು, ಕ್ಷೌರವಾಗುತ್ತಿತ್ತು. ಮತ್ತೊಂದು ಚೀಲ ಮಾಡಿಸಿದ. ಇನಾಮನ್ನು ಐದಕ್ಕೇರಿಸಿದ. ಆಮೇಲೆ ಬಿಲ್ಲೆ ಹೆಚ್ಚಾಯಿತು, ಟೀ ಹೆಚ್ಚಾಗಲಿಲ್ಲ. ಒಂದು ಟೀಗೆ ಎರಡು ಬಿಲ್ಲೆಯಾಯಿತು. ಸಂಜೆ ಗಲ್ಲಾಪೆಟ್ಟಿಗೆ ತೆರೆದರೆ ಅವನೇ ಮಾಡಿಸಿದ ಬಿಲ್ಲೆಗಳು ಅವನನ್ನೇ ನೋಡುತ್ತಿದ್ದವು. ಕರೆಂಟಿನವರು ಕೇಳುವುದು ನೋಟು; ಪೆಟ್ಟಿಗೆಗಳನ್ನು ಕಂತಿನ ಮೇಲೆ ಕೊಟ್ಟಿದ್ದ ಬೆಂಗಳೂರಿನವನು ಕೇಳುವುದೂ ನೋಟೇ. ಹಾಗಾಗಿ ಸ್ಲೇಟು ಬಂತು.

ಬೀದಿಯವರು ಬಾಯಿಗೆ ಬಂದದ್ದು ಬೈದು ಸುಮ್ಮನಾದರು. ಓಬಳಮ್ಮ ಸುಮ್ಮನಾಗುವಂತಿರಲಿಲ್ಲ. ಹಿಂದಿನ ವರ್ಷ ಮಗಳು ಅನಸೂಯಮ್ಮ ಹೆರಿಗೆಯಲ್ಲಿ ಮಗುವನ್ನು ಕಳೆದುಕೊಂಡು, ತಾನೂ ಹೋಗಿ ಬಂದ ಹಾಗೆ ಉಳಿದಿದ್ದಳು. ಆ ದಿನವೇ ಓಬಳಮ್ಮ ತಿರುಪತಿಯ ಸ್ವಾಮಿಗೆ ಹಳದಿ ಬಟ್ಟೆಯಲ್ಲಿ ಮುಡುಪು ಕಟ್ಟಿದ್ದಳು. ದಿನದ ಬೋಣಿಯಲ್ಲಿ ಏನು ಬಂದರೆ ಅದು, ಬಂದದ್ದು ಬಂದ ಹಾಗೆ, ಬದಲಿಸದೆ ಎಣಿಸದೆ, ವೈಕುಂಠ ಏಕಾದಶಿಗೆ ಹುಂಡಿಗೆ ಹಾಕುತ್ತೇನೆಂದು ಬೇಡಿಕೊಂಡಿದ್ದಳು. ಬೋಣಿ ಮಾಡುವವನು ಹೆಚ್ಚಾಗಿ ಚಲಪತಿ. ಅವನು ಕೊಡುತ್ತಿದ್ದದ್ದು ಬಿಲ್ಲೆ. ರೂಪಾಯಿಗೆ ನಡೆಯುವುದು ದೇವರಿಗೂ ನಡೆದೀತೆಂದು ಅವಳು ಕಣ್ಣಿಗೊತ್ತಿಕೊಂಡು ಗಂಟಿಗೆ ಹಾಕಿದ್ದಳು. ಕಟ್ಟಿದ ಮುಡುಪನ್ನು ಕೈಯಿಟ್ಟು ತೆಗೆಯುವ ಹಾಗಿಲ್ಲ, ನಡೆಯದ ಬಿಲ್ಲೆಯನ್ನು ಹುಂಡಿಗೆ ಹಾಕುವ ಹಾಗೂ ಇಲ್ಲ. ಏಕಾದಶಿ ಹತ್ತಿರ ಬಂದಿತ್ತು. ಅನಸೂಯಮ್ಮನಿಗೆ ಮತ್ತೆ ದಿನ ತುಂಬಿತ್ತು.

ಖಲೀಮುಲ್ಲಾ ಬಂದು ಬೀಗ ತೆಗೆಯುವವರೆಗೆ ಕಾದಿದ್ದು ಅವಳು ಎಲ್ಲವನ್ನೂ ಹೇಳಿದಳು. ಕೈಯಲ್ಲಿರುವ ಬಿಲ್ಲೆ ಹೋದರೆ ಹೋಗಲಿ, ಮುಡುಪಿನಲ್ಲಿರುವುದಕ್ಕೆ ಮಾತ್ರ ರೂಪಾಯಿ ಕೊಡು ಅಂದಳು. ಅವನು ಕೀಲಿ ಗೊಂಚಲನ್ನು ಜೇಬಿಗಿಳಿಸಿ ನಕ್ಕ.

"ನಿನಗೆ ಕೊಟ್ರೆ ನಾಳೆ ಬೀದಿಯೆಲ್ಲ ದೇವರ ಹೆಸರು ಹೇಳ್ಕೊಂಡು ಬರ್ತದೆ. ನಾನು ಮಾಡಿಸಿದ್ದು ಆಟದ ಬಿಲ್ಲೆ. ಅದನ್ನ ದೇವರಿಗೆ ಹಾಕು ಅಂತ ನಾನು ಹೇಳಿದ್ನಾ?"

"ಟೀ ಕುಡಿದು ಅದನ್ನೇ ಕೊಡ್ತಿದ್ದೆ ಅಲ್ಲೇನಪ್ಪ. ಆವಾಗ ಆಟದ್ದು ಅಂತ ಯಾಕೆ ಹೇಳಲಿಲ್ಲ?"

"ಈವಾಗ ಹೇಳ್ತಿದೀನಿ. ಇನ್ನೊಂದು ಮಾತಾಡಿದ್ರೆ ಜಗಲಿನೂ ಖಾಲಿ ಮಾಡಿಸ್ತೀನಿ."

ಅವಳು ಮನೆಗೆ ಹೋಗಿ, ಕಾಲು ತೊಳೆದು, ದೇವರ ಗೂಡಿನಿಂದ ಹಳದಿ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ವಿಮಾನದ ಆಟ ನಡೆಯುತ್ತಿದ್ದ ಪೆಟ್ಟಿಗೆಯ ನೆತ್ತಿಯ ಮೇಲೆ ಇಟ್ಟಳು. ಆಡುತ್ತಿದ್ದವನು ಕೈ ಹಿಂದೆಗೆದುಕೊಂಡ. ಅವನ ವಿಮಾನ ತಾನಾಗಿ ಹೋಗಿ ಬಂಡೆಗೆ ಬಡಿಯಿತು.

"ನೀನು ಹುಟ್ಟಿಸಿದ್ದು, ನಿನ್ನ ಹತ್ರಾನೇ ಇರ್ಲಿ," ಅಂದಳು. "ಸ್ವಾಮಿ ಕೇಳಿದ್ರೆ ಖಲೀಮಪ್ಪನ ಹತ್ರ ಐತೆ ಅಂತೀನಿ."

ಅಂದಿನಿಂದ ಆ ಅಂಗಡಿಯಲ್ಲಿ ಆಟ ನಿಂತಿತು. ಹಿಂದೂ ಹುಡುಗರು ಮುಡುಪಿನ ಕೆಳಗೆ ನಿಂತು ಗುಂಡಿ ಒತ್ತಲು ಹೆದರಿದರು. ಸಾಬರ ಹುಡುಗರು ಹರಕೆಯ ಗಂಟಿನ ಗೊಡವೆ ನಮಗೇಕೆಂದು ದೂರ ಉಳಿದರು. ಖಲೀಮುಲ್ಲಾ ಚಲಪತಿಯನ್ನು ಕರೆದು, ಅದನ್ನೆತ್ತಿ ಹೊರಗಿಟ್ಟರೆ ಹಿಡಿ ತುಂಬ ಹಿತ್ತಾಳೆ ಬಿಲ್ಲೆ ಕೊಡುವುದಾಗಿ ಹೇಳಿದ. ಕಟ್ಟಿದವರ ಹೊರತು ಬೇರೆಯವರು ಮುಟ್ಟಬಾರದು, ನೀನೇ ಎತ್ತಿ ನೋಡಣ್ಣ ಎಂದು ಚಲಪತಿ ಹೊಸ್ತಿಲಾಚೆಗೇ ನಿಂತ. ಪೆಟ್ಟಿಗೆಗಳು ಯಾರೂ ಇಲ್ಲದ ಕೋಣೆಯಲ್ಲಿ ತಮ್ಮಷ್ಟಕ್ಕೆ ಕೂಗುತ್ತಿದ್ದವು. ಓಬಳಮ್ಮ ಹೊರಗೆ ಜಗಲಿಯಲ್ಲಿ ಟೀ ಸೋಸುತ್ತಿದ್ದಳು. ಅವನು ಹೋಗುವಾಗ ಬರುವಾಗ ಅವಳ ಸ್ಟೌವಿಗೆ ಕಾಲು ತಾಗಿಸುತ್ತಿದ್ದ. ಅವಳು ಅವನ ನೆರಳು ಬಿದ್ದಲ್ಲಿ ನೀರು ಚೆಲ್ಲುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮನಸ್ಸು ಗಂಟಾಗುವುದಕ್ಕೆ ಹೆಚ್ಚು ದಾರ ಬೇಕಾಗುವುದಿಲ್ಲ. ಬಿಚ್ಚುವುದಕ್ಕೆ ಮಾತ್ರ ಉಗುರು ಸವೆಯಬೇಕು.

ಇದನ್ನು ಕೇಳಿ ಬಂದವನು ಜಯರಾಮಪ್ಪ. ಊರಿನಲ್ಲಿ ಎಲ್ಲಿ ಜಗಳವಿದ್ದರೂ ಅಲ್ಲಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಹೋಗಿ ನಿಲ್ಲುವವನು. ಇದು ನಮ್ಮ ದೇವರಿಗಾದ ಅವಮಾನ, ನೀನು ಹೂಂ ಅನ್ನು, ಸಂಜೆಯೊಳಗೆ ಅಂಗಡಿಯನ್ನೇ ಎತ್ತಿಸುತ್ತೇನೆ ಎಂದು ಓಬಳಮ್ಮನಿಗೆ ಹೇಳಿದ. ಒಳಗೆ ಕೂತಿದ್ದ ಖಲೀಮುಲ್ಲಾನಿಗೂ ಆ ಮಾತು ಕೇಳಿಸಿತು.

ಓಬಳಮ್ಮ ಟೀ ಲೋಟ ತೊಳೆಯುತ್ತಲೇ ಅಂದಳು, "ಜಯರಾಮಪ್ಪಾ, ನೀನು ಹೋದ ಶ್ರಾವಣದಾಗೆ ಕುಡಿದ ಟೀ ದುಡ್ಡು ಇನ್ನೂ ಕೊಟ್ಟಿಲ್ಲ. ಮೊದಲು ಅದು ಕೊಡು. ಈ ಜಗಳ ನನಗೂ ಅವನಿಗೂ ಇರೋದು. ಮಧ್ಯದಾಗೆ ನೀನು ಬಂದು ಬೋಣಿ ಮಾಡ್ಕೋಬೇಡ."

ಸುತ್ತ ಕೂತಿದ್ದವರು ನಕ್ಕರು. ಜಯರಾಮಪ್ಪ ಅಂಗಿಯ ತೋಳು ಸರಿಪಡಿಸಿಕೊಂಡು ಹೋದ. ಒಳಗೆ ಖಲೀಮುಲ್ಲಾ ನಗಲಿಲ್ಲ. ಅವಳ ದಯೆಯಲ್ಲಿ ತಾನು ಉಳಿದೆ ಎನ್ನಿಸಿ ಅವನ ಸಿಟ್ಟು ಇಮ್ಮಡಿಯಾಯಿತು. ಗುಡಿಸುವ ಉದ್ದನೆಯ ಪೊರಕೆ ತಂದು, ಅದರ ಹಿಡಿಯಿಂದ ಗಂಟನ್ನು ಕೆಳಕ್ಕೆ ತಳ್ಳಲು ಕೈಯೆತ್ತಿದ.

"ಕೈ ಇಳಿಸು," ಎಂದು ಹಿಂದಿನಿಂದ ಮಾತು ಬಂತು. ಅಂಗಡಿಯ ಹಿಂಭಾಗವೇ ಅವರ ಮನೆ. ತಾಯಿ ಖತೀಜಾ ಬೀ ಪರದೆ ಸರಿಸಿ ನಿಂತಿದ್ದಳು. "ನೀನು ಹುಟ್ಟಬೇಕು ಅಂತ ನಾನೂ ಮುರುಗಮಲ್ಲದ ದರ್ಗಾದಲ್ಲಿ ಗಂಟು ಕಟ್ಟಿ ಬಂದೋಳು. ಅದನ್ನ ಯಾರಾದ್ರೂ ಪೊರಕೆಯಿಂದ ಕೆಡವಿದ್ರೆ ಇವತ್ತು ನೀನು ಈ ಪೊರಕೆ ಹಿಡ್ಕೊಳ್ಳೋಕೆ ಇರ್ತಿರಲಿಲ್ಲ."

ಅವನು ಪೊರಕೆಯನ್ನು ಮೂಲೆಗೆಸೆದ. ಆ ಹೆಂಗಸು ತನ್ನ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾಳೆ, ನೀನೂ ಅವಳ ಕಡೆಯೇ ಎಂದು ತಾಯಿಯ ಮೇಲೆ ರೇಗಿದ. ಖತೀಜಾ ಬೀ ಪರದೆ ಇಳಿಬಿಟ್ಟು ಒಳಗೆ ಹೋದಳು. ಆ ಸಂಜೆ ನಮಾಜು ಮುಗಿದ ಮೇಲೆಯೂ ಅವನು ಬಹಳ ಹೊತ್ತು ಮಸೀದಿಯಲ್ಲೇ ಕೂತಿದ್ದನೆಂದು ನೋಡಿದವರು ಹೇಳಿದರು. ಅಲ್ಲಿ ಏನು ಯೋಚಿಸಿದನೋ ಅವನಿಗೂ ಅಲ್ಲಾಹನಿಗೂ ಗೊತ್ತು.

ಮರುದಿನ ಬೆಳಿಗ್ಗೆ ಬಂದವನೇ ಜಗಲಿಯ ಕಂಬಕ್ಕೆ ತಕ್ಕಡಿ ಕಟ್ಟಿದ. ತಂದೆಯ ಕಾಲದಲ್ಲಿ ನೂಲು ತೂಗುತ್ತಿದ್ದ ಹಳೆಯ ತಕ್ಕಡಿ. ಬೀದಿಯವರು ನೆರೆದರು. ಗಂಟಿನಲ್ಲಿ ಎಷ್ಟು ಬಿಲ್ಲೆಯಿದೆ ಎಂದು ಅವನು ಗೋಡೆಯನ್ನು ನೋಡುತ್ತ ಕೇಳಿದ. ದೇವರದ್ದನ್ನು ಎಣಿಸಿಲ್ಲ ಎಂದು ಅವಳು ಸ್ಟೌವನ್ನು ನೋಡುತ್ತ ಹೇಳಿದಳು. ಹಾಗಾದರೆ ಅವಳೇ ಎತ್ತಿ ತಟ್ಟೆಗಿಡಲಿ ಅಂದ. ಅವಳು ಇಟ್ಟಳು. ಎದುರು ತಟ್ಟೆಗೆ ಅವನು ಗಲ್ಲಾಪೆಟ್ಟಿಗೆಯ ಹಳೆಯ ಬಿಲ್ಲೆಗಳನ್ನು ಸುರಿಯುತ್ತ ಬಂದ. ಮುಳ್ಳು ನಡುವೆ ನಿಂತಾಗ ಕೈ ತಡೆದ.

"ಇದರಾಗೆ ಬರೀ ಬಿಲ್ಲೆ ಇಲ್ಲ. ರೂಪಾಯಿ ನಾಣ್ಯಾನೂ ಇರ್ತದೆ. ನಾಣ್ಯ ತೂಕ ಹೆಚ್ಚು. ಎಲ್ಲಾನೂ ಬಿಲ್ಲೆ ಅಂತ ತೂಗಿದ್ರೆ ನನಗೆ ಮೋಸ."

"ಬಿಚ್ಚಿ ತೋರಿಸೋ ಹಾಗಿಲ್ಲ. ಮುಡುಪು ಸಲ್ಲಿಸಿದ ಮೇಲೆ ನೋಡ್ತೀನಿ. ನಿನ್ನದು ಒಂದು ಕಾಸು ನನಗೆ ಬೇಡ."

"ನೋಡಿದ್ವಿ ಬಿಡು, ನಿನ್ನ ನಿಯತ್ತು." ಅವನು ಎದುರು ತಟ್ಟೆಯ ಬಿಲ್ಲೆಗಳನ್ನು ನೆಲಕ್ಕೆ ಸುರಿದು, ಒಂದೊಂದಕ್ಕೂ ಒಂದು ರೂಪಾಯಿಯಂತೆ ನೋಟೂ ನಾಣ್ಯವೂ ಸೇರಿಸಿ ಜಗಲಿಯ ಮೇಲಿಟ್ಟ. "ಇದು ನಿನಗಲ್ಲ, ನಿನ್ನ ಹರಕೆಗೆ. ಇದನ್ನ ನೋಡಿ ಬೀದಿಯೋರು ಯಾರೂ ನನ್ನ ಬಾಗಿಲಿಗೆ ಬರಬಾರದು. ನೀನೂ ತಿರುಪತಿಯಿಂದ ಬಂದ ಮೇಲೆ ಈ ಜಗಲಿ ಹತ್ತಬೇಡ."

ಸರಿ ಎಂದಳು. ದಾಸಯ್ಯನಾದ ವೆಂಕಟರಾಯಪ್ಪನನ್ನು ಕರೆಸಿ ಕೇಳಿದರು. ಹಳೆಯ ಗಂಟನ್ನು ಹೊಸ ಗಂಟಿಗೆ ಮುಟ್ಟಿಸಿ ಹರಕೆಯನ್ನು ಒಪ್ಪಿಸಿಬಿಡು, ಆಮೇಲೆ ಹಳೆಯದು ಬರಿಯ ಬಟ್ಟೆ ಎಂದು ಅವನು ಶಂಖ ಊದಿದ. ಅವಳು ಹೊಸ ಹಳದಿ ಬಟ್ಟೆಯಲ್ಲಿ ಆ ಹಣ ಕಟ್ಟಿ, ಚಿಂತಾಮಣಿಗೆ ಹೋಗಿ ತಿರುಪತಿ ಬಸ್ಸು ಹತ್ತಿದಳು.

ಏಕಾದಶಿಯಂದು ಹುಂಡಿಯ ಮುಂದಿನ ನೂಕುನುಗ್ಗಲಿನಲ್ಲಿ ಸ್ವಾಮಿ ಅವಳಿಗೆ ಕಂಡದ್ದು ರೆಪ್ಪೆ ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲೇ ಮಗಳ ಹೆಸರು ಹೇಳಿ ಗಂಟು ಬಿಟ್ಟಳು. ಊರಿಗೆ ಬಂದಾಗ ಅನಸೂಯಮ್ಮನ ಮಗ್ಗುಲಲ್ಲಿ ಹೆಣ್ಣುಮಗು ಮಲಗಿತ್ತು. ಬೀದಿಯಲ್ಲಿ ಹಿತ್ತಾಳೆ ಬಿಲ್ಲೆ ನಡೆಯತೊಡಗಿತ್ತು; ಆದರೆ ಅದನ್ನು ಆಟಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಅವಳ ಜಗಲಿಯ ಜಾಗದಲ್ಲಿ ಖಲೀಮುಲ್ಲಾ ಮುಳ್ಳುತಂತಿಯ ಸುರುಳಿಯೊಂದನ್ನು ಇಟ್ಟಿದ್ದ. ಅವಳು ಎದುರು ಸಾಲಿನ ಹುಣಸೆಮರದ ಕೆಳಗೆ ಸ್ಟೌ ಹೂಡಿದಳು.

ಸ್ಟೌ ಹಚ್ಚುವ ಮೊದಲು ಹಳೆಯ ಗಂಟು ಬಿಚ್ಚಿದಳು. ಬಿಲ್ಲೆಗಳ ನಡುವೆ ಅಲ್ಲಲ್ಲಿ ರೂಪಾಯಿ ನಾಣ್ಯಗಳಿದ್ದವು. ಅವನು ಹೇಳಿದ್ದು ನಿಜವಾಗಿತ್ತು. ಅನುಮಾನ ಬೇಡವೆಂದು ಕೈಯಲ್ಲೇ ತೂಗಿ ನೋಡಿದಳು: ಒಂದು ನಾಣ್ಯ ಎರಡು ಬಿಲ್ಲೆಗೆ ಸಮ. ಪ್ರತಿ ನಾಣ್ಯಕ್ಕೂ ಅವನು ಎರಡು ರೂಪಾಯಿ ಹೆಚ್ಚಿಗೆ ಕೊಟ್ಟಿದ್ದ. ಆ ನಾಣ್ಯಗಳಿಗೆ ಅಷ್ಟೇ ನಾಣ್ಯಗಳನ್ನು ತನ್ನ ಸೊಂಟದ ಚೀಲದಿಂದ ಸೇರಿಸಿದಳು. ಬಿಲ್ಲೆಗಳನ್ನು ಬೇರೆ ಕಾಗದದಲ್ಲಿ ಸುತ್ತಿದಳು.

ರಸ್ತೆ ದಾಟಿ ಹೋದಳು. ಮುಳ್ಳುತಂತಿಯ ಪಕ್ಕದಿಂದ ಸೀರೆ ಒತ್ತರಿಸಿಕೊಂಡು ಬಾಗಿಲಲ್ಲಿ ನಿಂತಳು. ಖಲೀಮುಲ್ಲಾ ತಲೆಯೆತ್ತಿ ನೋಡಿ, ಮುಖ ತಿರುಗಿಸಿದ. ಅವಳು ಹೊಸ್ತಿಲು ತುಳಿಯದೆ ಕೈ ಮಾತ್ರ ಒಳಗೆ ಚಾಚಿ, ನಾಣ್ಯಗಳನ್ನೂ ಬಿಲ್ಲೆಯ ಪೊಟ್ಟಣವನ್ನೂ ಗಲ್ಲಾಪೆಟ್ಟಿಗೆಯ ಅಂಚಿಗೆ ಸದ್ದಾಗದ ಹಾಗೆ ಇಟ್ಟು, ಹಾಲು ಕಾಯಿಸಲು ಹಿಂದಿರುಗಿದಳು.