ಅಂಗೈಯ ತಕ್ಕಡಿ

ನನ್ನ ಷಡ್ಡಕನ ಬಲಗೈ ಯಾವ ವಸ್ತುವನ್ನೂ ಸುಮ್ಮನೆ ಹಿಡಿದದ್ದನ್ನು ನಾನು ಕಂಡಿರಲಿಲ್ಲ, ಅದು ತೂಗುತ್ತಿತ್ತು. ಕಲ್ಲಂಗಡಿಯಿರಲಿ, ನಿಘಂಟಿರಲಿ, ನೆಂಟರ ಮನೆಯ ಎಳೆಗೂಸಿರಲಿ, ಅಂಗೈಯ ಮೇಲೆ ಕೂರಿಸಿಕೊಂಡು, ಮೊಣಕೈಯನ್ನು ಪಕ್ಕೆಗೊತ್ತಿ, ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಧ್ಯಾನಸ್ಥನಂತೆ ಕಣ್ಣು ಅರೆಮುಚ್ಚಿ, "ಹ್ಞೂಂ, ತೂಕ ಇದೆ" ಎಂದೋ "ಟೊಳ್ಳು" ಎಂದೋ ತೀರ್ಪಿತ್ತ ಮೇಲೆಯೇ ಆ ವಸ್ತುವಿಗೆ ಇಹಲೋಕದಲ್ಲೊಂದು ಸ್ಥಾನ. ಪಾರ್ಸೆಲ್ ಕಚೇರಿಯ ಕೌಂಟರಿನ ಹಿಂದೆ ಯೌವನವನ್ನೆಲ್ಲ ಸವೆಸಿದವನು. ಅವನ ಕೈಯೂ ತೂಕದ ಯಂತ್ರವೂ ಬೇರೆ ಬೇರೆ ಹೇಳಿದರೆ ಯಂತ್ರವನ್ನೇ ರಿಪೇರಿಗೆ ಕಳಿಸುತ್ತಿದ್ದರಂತೆ. ಇದು ಅವನೇ ಹೇಳಿದ ಕಥೆ, ನಾನು ತೂಗಿ ನೋಡಿಲ್ಲ. ಮನೆಮಂದಿ ಇಟ್ಟ ಹೆಸರು ತಕ್ಕಡಿ. ಅವನ ಬೂದುಬಣ್ಣದ ಕೋಟು ಕೂಡ ತೂಕ ನೋಡಿ ಕೊಂಡದ್ದೇ ಹೊರತು ಅಳತೆ ನೋಡಿ ಅಲ್ಲ, ಹಾಗಾಗಿ ಅದರ ತೋಳುಗಳು ಬೆರಳ ತುದಿಯವರೆಗೂ ಇಳಿಬಿದ್ದಿದ್ದವು. ನನ್ನ ಹಾಸ್ಯಲೇಖನಗಳ ಪುಸ್ತಕವನ್ನು ಹಸ್ತಾಕ್ಷರ ಹಾಕಿ ಕೊಟ್ಟಾಗಲೂ ತೂಗಿ, "ಕಾಗದ ಒಳ್ಳೇದು ಹಾಕಿದಾರೆ ಅಣ್ಣ" ಎಂದು ಹಿಂದಿರುಗಿಸಿದ ವಿಮರ್ಶಕ ಅವನು.

ಅವನ ಮಗಳು ಅಂಗಡಿಗಳ ನಾಮಫಲಕ ವಿನ್ಯಾಸ ಮಾಡುವವಳು. ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕೂತು, ಎಲ್ಲೆಲ್ಲಿಯದೋ ಗೆಳೆಯರೊಡನೆ ತಂಡ ಕಟ್ಟಿ, ಕಾಲ್ಪನಿಕ ಶತ್ರುಗಳನ್ನು ನಿರ್ದಾಕ್ಷಿಣ್ಯವಾಗಿ ಸಂಹರಿಸುವವಳು. ಪಂದ್ಯಾವಳಿಯೊಂದು ಹತ್ತಿರವಾದಾಗ ಆಟಕ್ಕೆಂದೇ ಹೊಸ ಯಂತ್ರವನ್ನು ತಾನೇ ಜೋಡಿಸಲು ಹೊರಟು, ಬಿಡಿಭಾಗಗಳನ್ನು ಒಂದೊಂದಾಗಿ ಕೂಡಿಸಿದಳು. ಉಳಿದದ್ದು ಗೋಡೆಯ ಕರೆಂಟನ್ನು ಹದಮಾಡಿ ಮಿಕ್ಕ ಭಾಗಗಳಿಗೆಲ್ಲ ಉಣಿಸುವ ಪವರ್ ಸಪ್ಲೈ ಎಂಬ ಪೆಟ್ಟಿಗೆ ಮಾತ್ರ.

"ಅದೊಂದು ನನಗೆ ಬಿಡು. ಅದರೊಳಗೆ ಅಪ್ಪಂದೂ ಏನಾದ್ರೂ ಇರಲಿ" ಎಂದ ತಕ್ಕಡಿ.

ಮಗಳು ಕರಗಿದಳು, ಆದರೆ ಪೂರ್ತಿ ಕರಗಲಿಲ್ಲ. "ಏಳುನೂರೈವತ್ತು ವಾಟ್‌ದು ಸಾಕಪ್ಪ. ಡಬ್ಬದ ಮೇಲಿನ ದೊಡ್ಡ ಅಂಕಿ ನಂಬಬೇಡ. ಪಕ್ಕದಲ್ಲಿ ಚೀಟಿ ಅಂಟಿಸಿರ್ತಾರೆ, ಹನ್ನೆರಡು ವೋಲ್ಟ್ ಅಂತಿರೋ ಕಡೆ ಎಷ್ಟು ಕೊಡತ್ತೆ ಅಂತ ಓದು."

ಅಂಗಡಿಗೆ ನಾನೂ ಜೊತೆಗೆ ಹೋಗಿದ್ದೆ. ಮಗಳು ಹೇಳಿದಂಥದ್ದನ್ನೇ ಅಂಗಡಿಯವನು ಮೊದಲು ಕೊಟ್ಟ. ಅಂಗೈ ಆಡಿತು, "ಟೊಳ್ಳು." ಆಮೇಲೆ ಬಂದದ್ದು ಚಿನ್ನದ ಅಕ್ಷರಗಳಲ್ಲಿ ಸಾವಿರ ವಾಟ್ ಎಂದು ಬರೆದುಕೊಂಡಿದ್ದ ಡಬ್ಬ. ಅದನ್ನು ಅಂಗೈಗಿಟ್ಟದ್ದೇ ತಡ ಅವನ ಮಣಿಕಟ್ಟು ಭಕ್ತಿಯಿಂದ ಬಾಗಿತು. "ಅಣ್ಣಾ, ನೀವೂ ಹಿಡೀರಿ." ವಿದ್ಯುತ್ತಿನಲ್ಲಿ ನನ್ನ ಪಾಂಡಿತ್ಯ ಸ್ವಿಚ್ಚಿನಾಚೆ ಹೋಗದು, ಆದರೂ ಹಿಡಿದು, "ಭಲೆ, ಏನು ಗಾಂಭೀರ್ಯ!" ಎಂದೆ. ಚೀಟಿಯನ್ನು ಇಬ್ಬರೂ ಓದಲಿಲ್ಲ.

ಕಾಗದ ಬರೆಯುವಾಗ, ಸಿನಿಮಾ ನೋಡುವಾಗ ಯಂತ್ರ ಸಾಧುವಾಗಿಯೇ ಇತ್ತು. ಆಟದಲ್ಲಿ ಕಾಳಗ ಕಾವೇರಿ, ಭಾಗಗಳೆಲ್ಲ ಒಟ್ಟಿಗೆ ಹಸಿದು ಕೈಯೊಡ್ಡಿದಾಗ ಮಾತ್ರ ಪಕ್ಕನೆ ಕಣ್ಣುಮುಚ್ಚುತ್ತಿತ್ತು. ಮಗಳು ಚೀಟಿಯ ಮಾತೆತ್ತಿದರೆ ಅಪ್ಪ ನೆಂಟರೆದುರೇ, "ಜೋಡಿಸುವಾಗ ಎಲ್ಲೋ ತಪ್ಪಿದೀಯ ಕಣೇ. ಇಷ್ಟು ತೂಕದ್ದು ಕೈ ಕೊಡತ್ತಾ?" ಎಂದ. ಅವಳು ತನ್ನಲ್ಲಿಲ್ಲದ ತಪ್ಪನ್ನು ಹುಡುಕಲು ಇಡೀ ಯಂತ್ರವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಪಂದ್ಯದ ದಿನ ಕಾಳಗದ ನಟ್ಟನಡುವೆ ಪರದೆ ಕಪ್ಪಾಯಿತು. ಸೋಲುತ್ತೇವೆಂದು ಹೆದರಿ ಓಡಿಹೋದಳೆಂದು ಬಗೆದು ಗೆಳೆಯರು ಅವಳ ಜಾಗಕ್ಕೆ ಬೇರೊಬ್ಬನನ್ನು ಸೇರಿಸಿಕೊಂಡರು. ಅವಳು ಬಾಗಿಲು ಹಾಕಿಕೊಂಡಳು. ಅಪ್ಪ ಪೆಟ್ಟಿಗೆಯನ್ನು ಕಂಕುಳಲ್ಲಿರಿಸಿಕೊಂಡು, ಸಾಕ್ಷಿಗೆ ನನ್ನನ್ನೂ ಎಳೆದುಕೊಂಡು, ರಿಪೇರಿಯವನ ಬಳಿ ಹೋದ.

ರಿಪೇರಿಯವನು ಮುಚ್ಚಳ ತೆಗೆದು ನಕ್ಕುಬಿಟ್ಟ. ಒಳಗೆ ಒಂದು ಮೂಲೆಯಲ್ಲಿ ಬಡಕಲು ತಂತಿಗಳ ಸಂಸಾರ. ಉಳಿದ ಜಾಗದಲ್ಲಿ, ಸ್ಕ್ರೂ ಹಾಕಿ ಬಿಗಿದ ಒಂದು ಸಿಮೆಂಟಿನ ಬಿಲ್ಲೆ.

"ಇದೇನ್ ಕೆಲಸ ಮಾಡತ್ತೆ?" ಎಂದು ಕೇಳಿದ ತಕ್ಕಡಿ.

"ಏನೂ ಮಾಡಲ್ಲ ಸಾರ್, ತೂಕಕ್ಕೆ ಇಟ್ಟಿದಾರೆ. ಕೈಯಲ್ಲಿ ಎತ್ತಿ ನೋಡಿ ಕೊಳ್ಳೋರು ಇರ್ತಾರಲ್ಲ, ಅವರಿಗೋಸ್ಕರ."

ತಲೆಯ ಮೇಲೆ ಚಪ್ಪಡಿ ಎಳೆದುಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ಆ ಚಪ್ಪಡಿಯನ್ನು ಅಂಗಡಿಯಲ್ಲಿ ಆರಿಸಿ, ತೂಗಿ, ಮೆಚ್ಚಿ ತಂದವನನ್ನು ಕಂಡದ್ದು ಅಂದೇ. ರಿಪೇರಿಯವನು ಬಿಲ್ಲೆಯನ್ನು ಅವನ ಅಂಗೈಗಿಟ್ಟ. ಹಳೆಯ ಅಭ್ಯಾಸ ನೋಡಿ, ಕೈ ತಾನಾಗಿಯೇ ಒಮ್ಮೆ ಮೇಲೆದ್ದಿತು. ಅರ್ಧದಲ್ಲೇ ಎಚ್ಚೆತ್ತು, ಬಿಲ್ಲೆಯನ್ನು ಮೇಜಿನ ಮೇಲಿಟ್ಟು, ಅವನು ಆ ಕೈಯನ್ನು ಕೋಟಿನ ತೋಳಿನೊಳಗೆ ಎಳೆದುಕೊಂಡ. ಆ ಅಳತೆಗೆಟ್ಟ ತೋಳು ಯಾತಕ್ಕೆ ಅಷ್ಟು ಉದ್ದವಿತ್ತೆಂದು ನನಗೆ ಆಗ ತಿಳಿಯಿತು.

ಇಂಥ ಸರಕು ಸಿಕ್ಕರೆ ಹಾಸ್ಯಗಾರ ಸುಮ್ಮನಿರುತ್ತಾನೆಯೆ? ನೆಂಟರೆಲ್ಲ ಸೇರಿದ್ದ ಮುಂದಿನ ಊಟದಲ್ಲಿ ಅಭಿನಯಸಹಿತ ಬಣ್ಣಿಸಿದೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವನೂ ನಕ್ಕ, ಎಡಗೈಯಲ್ಲಿ ನೀರಿನ ಲೋಟ ಹಿಡಿದು, ಬಲಗೈಯನ್ನು ಮೇಜಿನ ಕೆಳಗಿಟ್ಟುಕೊಂಡು. ಮಗಳೊಬ್ಬಳು ನಗಲಿಲ್ಲ. "ದೊಡ್ಡಪ್ಪಾ, 'ಏನು ಗಾಂಭೀರ್ಯ' ಅಂದೋರು ಯಾರು ಅಂತಾನೂ ಹೇಳಿ. ಅದನ್ನ ಬಿಟ್ಟುಬಿಟ್ರಿ." ನನ್ನ ಬಾಯಲ್ಲಿದ್ದ ತುತ್ತು ಸಿಮೆಂಟಾಯಿತು.

ಹೊಸದನ್ನು ತರಲು ಅಪ್ಪನನ್ನು ಕರೆದೊಯ್ದವಳೂ ಅವಳೇ. ಬೆನ್ನ ಹಿಂದೆ ನಾನು, ಕರೆಯದೆ ಬಂದವನು. ಅಂಗಡಿಯಲ್ಲಿ ಡಬ್ಬವನ್ನು ಅವನತ್ತ ಚಾಚಿ, "ತೂಗಿ ನೋಡಪ್ಪ" ಎಂದಳು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಬೇಡಮ್ಮ. ನೀನು ಓದು. ಸ್ವಲ್ಪ ಗಟ್ಟಿಯಾಗಿ ಓದು." ಅವಳು ಚೀಟಿ ಓದಿದಳು, ಚಿತ್ರ ಮೂಡಿಸುವ ಕಾರ್ಡು ಇಷ್ಟು ಕರೆಂಟು ಎಳೆಯುತ್ತದೆ, ಪ್ರೊಸೆಸರು ಇಷ್ಟು, ಕಾವೇರಿದಾಗಿನ ದಿಢೀರ್ ಹಸಿವಿಗೆ ಮೇಲಿಷ್ಟು ಎಂದು ಲೆಕ್ಕ ಒಪ್ಪಿಸಿದಳು. ಅವನಿಗೆ ಅರ್ಥವಾದದ್ದು ಅಷ್ಟಕ್ಕಷ್ಟೇ. ಆದರೂ ಕೊನೆಯವರೆಗೆ, ಶಾಲೆಯಲ್ಲಿ ತಪ್ಪು ಮಾಡಿ ನಿಂತವನಂತೆ, ತಲೆತಗ್ಗಿಸಿ ಕೇಳಿದ. ಮನೆಗೆ ಬರುವಾಗ ಡಬ್ಬವನ್ನು ಎರಡೂ ಕೈಗಳಲ್ಲಿ ಹಿಡಿದಿದ್ದ. ದಾರಿಯುದ್ದಕ್ಕೂ ಅದನ್ನು ಒಮ್ಮೆಯೂ ಆಡಿಸಲಿಲ್ಲ. ತಂಡದಲ್ಲಿ ಅವಳ ಜಾಗವಂತೂ ಇಂದಿಗೂ ಸಿಕ್ಕಿಲ್ಲ.

ಕೈಯನ್ನೇ ನಂಬಿ ಬದುಕಿದವರ ಕುಲವೊಂದಿದೆ. ಮೋಸಹೋದದ್ದನ್ನು ಅವರು ಹೇಗೋ ನುಂಗಿಕೊಳ್ಳುತ್ತಾರೆ. ಯಾವನೋ ಮುಖ ಕಾಣದವನು ತಮ್ಮ ಹೆಮ್ಮೆಯನ್ನು ಮೊದಲೇ ತೂಗಿ, ಅದಕ್ಕೆ ಸರಿಯಾಗಿ ಸಿಮೆಂಟು ಎರೆದಿಟ್ಟಿದ್ದನೆಂಬುದು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. 'ತಪ್ಪಾಯ್ತು' ಎಂಬ ಮಾತು ಅವರ ನಾಲಿಗೆಗೆ ಹತ್ತುವುದಿಲ್ಲ. ಅದನ್ನೂ ಪಾಪ ಆ ಕೈಯೇ ಹೇಳಬೇಕು, ತೂಗದೆ ಸುಮ್ಮನೆ ಹೊತ್ತುಕೊಂಡು.